ಪೆಟ್ಟಿಗೆಯ ಪತ್ರ

ಬಂಟ್ವಾಳದವನೊಬ್ಬ, ಬೆಳ್ತಂಗಡಿಯವನೊಬ್ಬ, ಮೂಡುಬಿದಿರೆಯವಳೊಬ್ಬಳು. ನಾವು ಮೂವರೂ ಬೀಡಿ ಕಟ್ಟಿದ ಕೈಗಳ ಮಕ್ಕಳು, ಮನೆಯಲ್ಲಿ ಮೊದಲು ಪದವಿ ಕಂಡವರು. ಲಂಡನ್ನಿಗೆ ಹೋಗಿ ಅಂತರರಾಷ್ಟ್ರೀಯ ಸಂಬಂಧ ಓದಬೇಕು, ರಾಯಭಾರಿಗಳಾಗಬೇಕು ಅಂತ ಹಟ. ಸಾಲ ಏಳೂವರೆ ಲಕ್ಷ ದಾಟಿದರೆ ಅಡಮಾನ ಬೇಕೆಂದರು ಬ್ಯಾಂಕಿನವರು. ಇದ್ದದ್ದು ಅಮ್ಮಂದಿರ ಹೆಸರಲ್ಲಿ ಐದೈದು ಸೆಂಟ್ಸ್ ಜಾಗ.

"ಕೆಲಸ ಸಿಗದಿದ್ದರೆ ಸಾಲ ಯಾರು ಕಟ್ಟುವುದು ಮಗಾ?" ಮೂರೂ ಮನೆಯಲ್ಲಿ ಇದೇ ಪ್ರಶ್ನೆ, ಬೀಡಿ ಎಲೆಯ ತಡ್ಪೆಯಿಂದ ತಲೆ ಎತ್ತದೆಯೇ. ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವವರಿಗೆ ಲೆಕ್ಕ ತಪ್ಪುವುದಿಲ್ಲ ಮಾರಾಯ್ರೆ. ನಮ್ಮ ಅಜ್ಜಂದಿರು ಧಣಿಯ ಸಾಲಕ್ಕೆ ಮೂಲದಾಳಾಗಿ ಸವೆದವರು.

ವಿಶ್ವಸಂಸ್ಥೆಯ ಸಚಿವಾಲಯ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ನ್ಯೂಯಾರ್ಕಿನಲ್ಲಿ ಬಾಡಿಗೆ ಕಟ್ಟಬಲ್ಲ ಅಪ್ಪ ಇದ್ದವರಿಗೇ ಆ ಬಾಗಿಲು. ನಮ್ಮ ವಿದೇಶಾಂಗ ಸೇವೆಗೋ, ಯಾವುದೇ ಪದವಿ ಸಾಕು. ಪರೀಕ್ಷೆಗೆ ನಮಗೆ ಶುಲ್ಕವೂ ಇಲ್ಲ. ಕೆ.ಆರ್. ನಾರಾಯಣನ್ 1945ರಲ್ಲಿ ಟಾಟಾ ನೆರವಿನಿಂದ ಲಂಡನ್ನಿಗೆ ಹೋದರು, 1949ರಲ್ಲಿ ಆ ಸೇವೆ ಸೇರಿದರು. ಅಂಥ ನೆರವು ಈಗ ಎಷ್ಟು ಜನಕ್ಕೆ? ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ ವರ್ಷಕ್ಕೆ 125. 2022ರಲ್ಲಿ ಅದರಿಂದ ಭಾರತದ ಸಮಾಜ, ಇತಿಹಾಸದ ವಿಷಯಗಳನ್ನೂ ತೆಗೆದುಹಾಕಿದರು. ಲೋಕದ್ದು ಓದಿ, ನಿಮ್ಮ ಕೇರಿಯದ್ದು ಬೇಡ ಎಂದಂತೆ!

ಸಾಲದ ಅರ್ಜಿ ಹರಿದಿಲ್ಲ, ಮಡಚಿಟ್ಟಿದ್ದೇವೆ. ಈ ವರ್ಷ ವಿದ್ಯಾರ್ಥಿವೇತನಕ್ಕೂ ಪರೀಕ್ಷೆಗೂ ಅರ್ಜಿ ಹಾಕಿದ್ದೇವೆ. ಜಾಗದ ಪತ್ರ ಅಮ್ಮಂದಿರ ಪೆಟ್ಟಿಗೆಯಲ್ಲೇ ಇದೆ.