ಚೀಟಿ ವ್ಯವಹಾರ

ಚೀಟಿ ವ್ಯವಹಾರ ಮಾಡುತ್ತೇನೆ ಎಂದರೆ ಜನ ತಿಂಗಳಿಗೆ ಎಷ್ಟು ಕಟ್ಟಬೇಕು ಎಂದು ಕೇಳುತ್ತಾರೆ. ನನ್ನದು ಪದದ ಚೀಟಿ. ಕುಮಾರವ್ಯಾಸನನ್ನು ಮುಂದಿಟ್ಟುಕೊಂಡು ಯಾವ ಪದ ಎಲ್ಲೆಲ್ಲಿ ಬಂದಿದೆಯೆಂದು ಬರೆದು, ಅಕಾರಾದಿಯಾಗಿ ಜೋಡಿಸುತ್ತ ಹೋಗುವುದು. ಕಾಸಿನ ಲಾಭವಿಲ್ಲ, ರಾತ್ರಿ ಊಟ ಮುಗಿಸಿ ಕೂತರೆ ಹನ್ನೆರಡು ಹೊಡೆದದ್ದು ತಿಳಿಯುವುದಿಲ್ಲ.

ಈ ಗೀಳಿನವರಿಗೆಲ್ಲ ಹಿರಿಯಣ್ಣ ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ತೊ ಬುಸಾ. ಹುಟ್ಟಿದ್ದು 1913ರಲ್ಲಿ, ನಮ್ಮ ನಿಘಂಟಿನ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ ವರ್ಷವೇ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಸಾನ್ನಿಧ್ಯದ ಬಗ್ಗೆ ಏನು ಹೇಳಿದ್ದಾನೆ ಎಂಬುದು ಅವರ ಸಂಶೋಧನೆ. ದೊಡ್ಡ ಪದದ ಬೆನ್ನು ಹತ್ತಿ ಹೊರಟವರಿಗೆ ಗೊತ್ತಾಯಿತು, ವಿಚಾರವೆಲ್ಲ ‘ಇನ್’ ಎಂಬ ಲ್ಯಾಟಿನ್ನಿನ ಪುಟಾಣಿ ಪದಕ್ಕೆ ಅಂಟಿಕೊಂಡಿದೆ ಎಂದು. ಸೂಚಿ ಮಾಡುವವರು ಲೆಕ್ಕಕ್ಕಿಡದ ಸರಕು ಅದು. ಬುಸಾ ಬಿಡಲಿಲ್ಲ; ಅದಿರುವ ವಾಕ್ಯಗಳನ್ನು ಸುಮಾರು 10,000 ಚೀಟಿಗಳಲ್ಲಿ ಕೈಯಾರೆ ಬರೆದರು. ನನಗೆ ಹೊಟ್ಟೆಕಿಚ್ಚು ಆ ಚೀಟಿಗಳ ಮೇಲೆಯೇ, ಆಮೇಲೆ ಬಂದ ಯಂತ್ರದ ಮೇಲಲ್ಲ.

ಯಂತ್ರದ ಕಥೆಯೂ ಸೊಗಸೇ. ಅಕ್ವಿನಾಸನ ಪದಗಳನ್ನೆಲ್ಲ ಸೂಚಿ ಮಾಡಲು ಯಂತ್ರದ ನೆರವು ಕೇಳಿ 1949ರಲ್ಲಿ ನ್ಯೂಯಾರ್ಕಿಗೆ ಹೋದ ಬುಸಾಗೆ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಆಗದೆನ್ನುವ ಲಕ್ಷಣ ಕಂಡಾಗ, ಅವರು ಆ ಕಂಪನಿಯದೇ ಭಿತ್ತಿಪತ್ರವೊಂದನ್ನು ಮುಂದೆ ಹಿಡಿದರಂತೆ: ಅಸಾಧ್ಯವಾದದ್ದಕ್ಕೆ ನಮಗೆ ತುಸು ಹೆಚ್ಚು ಹೊತ್ತು ಬೇಕು, ಅಷ್ಟೇ ಎಂಬರ್ಥದ್ದು. ವಾಟ್ಸನ್ ಒಪ್ಪಿದ. ಅಕ್ವಿನಾಸನ ಸಾಲುಗಳು ತೂತು ಕೊರೆದ ಕಾರ್ಡುಗಳಾದವು. ಇಟಲಿಯ ಗಲ್ಲರಾತೆ ಊರಿನಲ್ಲಿ ತರಬೇತಾದ ಯುವತಿಯರು ಕೊರೆದರು. ಬುಸಾಗೆ ಲ್ಯಾಟಿನ್ ಬಾರದವರೇ ಬೇಕಿತ್ತು. ಬಲ್ಲವರು ಗೊತ್ತೆಂಬ ಧೈರ್ಯದಲ್ಲಿ ಎಡವುತ್ತಾರೆ, ಬಾರದವರು ಅಕ್ಷರ ಅಕ್ಷರ ನೋಡುತ್ತಾರೆ. ಕರಡು ತಿದ್ದಿದ ಯಾರನ್ನಾದರೂ ಕೇಳಿ, ಹೌದೆನ್ನುತ್ತಾರೆ. ಆದರೆ ಕೀರ್ತಿ ಹಂಚುವಾಗ ಆ ಯುವತಿಯರ ಹೆಸರು ಬಹುಕಾಲ ಎಲ್ಲೂ ಬರಲಿಲ್ಲ. ಸಂಶೋಧಕಿ ಜೂಲಿಯಾನ್ ನೈಹನ್ ಈಚೆಗೆ ಅವರಲ್ಲಿ ಕೆಲವರನ್ನು ಹುಡುಕಿ ಮಾತಾಡಿಸಿದರು.

ಯಂತ್ರ ಕಾರ್ಡು ವಿಂಗಡಿಸೀತು. ಒಂದೇ ರೂಪದ ಎರಡು ಪದಗಳಲ್ಲಿ ಇದು ಯಾವುದು ಎಂದು ತೀರ್ಮಾನಿಸಲು ಮನುಷ್ಯನೇ ಕೂರಬೇಕು. ಅದಕ್ಕೇ ಒಂದು ಕೋಟಿಗೂ ಮಿಕ್ಕ ಪದಗಳ ಆ ಅಕ್ವಿನಾಸ್ ಸೂಚಿ, ‘ಇಂಡೆಕ್ಸ್ ಥೋಮಿಸ್ಟಿಕಸ್’, 56 ಸಂಪುಟಗಳಲ್ಲಿ ಅಚ್ಚಾಗಿ ಮುಗಿಯುವಾಗ 1980. ಬುಸಾ ಅಲ್ಲಿಗೂ ನಿಲ್ಲದೆ ಅದನ್ನು ಸಿ.ಡಿ.ಗೆ, 2005ರಲ್ಲಿ ಅಂತರ್ಜಾಲಕ್ಕೆ ತಂದರು.

ನನ್ನ ಸುಖವೂ ಆ ತೀರ್ಮಾನದಲ್ಲೇ ಇದೆ. ಈಗ ಕಕಾರಕ್ಕೆ ಬಂದಿದ್ದೇನೆ. ‘ಕರಿ’ ಎಂದರೆ ಆನೆಯೋ ಬಣ್ಣವೋ ಎಂದು ನೋಡಲು ಪದ್ಯವನ್ನು ಇಡೀ ಓದಬೇಕು, ಓದುತ್ತ ಮುಂದಿನ ಪದ್ಯಕ್ಕೂ ಜಾರಬೇಕು. ಸದ್ಯಕ್ಕೆ ಆನೆ ಎಂದು ಬರೆದಿಟ್ಟಿದ್ದೇನೆ, ಪೆನ್ಸಿಲಿನಲ್ಲಿ.