ಸವಾರನ ಗತಿ

ಶ್ರೀಮಠದ ಆಶ್ರಯದಲ್ಲಿ ಬೆಳೆದುಬಂದ ಈ ವಿದ್ಯಾಸಂಸ್ಥೆಯ ವಾರ್ಷಿಕ ಸಂಚಿಕೆಗೆ ಹಳಗನ್ನಡದ ಯಾವುದಾದರೊಂದು ಕೃತಿಯನ್ನು ಕುರಿತು ನಾಲ್ಕು ಮಾತು ಬರೆದೊಪ್ಪಿಸುವುದು ನನ್ನ ವಾಡಿಕೆ. ಈ ಸಲ ಮೋಟಾರು ಸೈಕಲ್ಲಿನ ಸವಾರರೊಬ್ಬರನ್ನು ಕುರಿತು ಬರೆಯುವೆನೆಂದಾಗ ಸಂಪಾದಕ ಮಿತ್ರರು ಹುಬ್ಬೇರಿಸಿದರು. ವಾಚಕ ಮಹಾಶಯರಿಗೂ ಅಚ್ಚರಿಯಾದರೆ ತಪ್ಪಲ್ಲ. ಆದರೆ ನನ್ನ ಮೇಲೊಂದು ಹಳೆಯ ಋಣವಿದೆ. ಅದನ್ನು ತೀರಿಸಲು ಬೇರೆ ದಾರಿ ಕಾಣೆ.

2009ನೆಯ ಇಸವಿಯ ಮಾತು. ಹತ್ತನೆಯ ತರಗತಿಯಲ್ಲಿ ಬನಶಂಕರಿಯ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನಿದ್ದ. ತಂದೆಯದು ರಸ್ತೆಬದಿಯ ಪಂಕ್ಚರ್ ಅಂಗಡಿ. ಒಂದು ದಿನ ಕಂದಪದ್ಯಕ್ಕೆ ಪ್ರಸ್ತಾರ ಹಾಕಿರೆಂದು ಹೇಳಿ ನಾನು ಬೆಂಚುಗಳ ನಡುವೆ ಅಡ್ಡಾಡುತ್ತಿದ್ದೆ. ಅವನ ಪುಸ್ತಕದಲ್ಲಿ ಲಘುಗುರುಗಳ ಗುರುತೇ ಇಲ್ಲ. ಪುಟದ ತುಂಬ ಒಂದು ಮೋಟಾರು ಸೈಕಲ್ಲು, ಮರಳದಿಬ್ಬದಿಂದ ಆಕಾಶಕ್ಕೆ ನೆಗೆದದ್ದು. ಚಿತ್ರ ಚೆನ್ನಾಗಿಯೇ ಇತ್ತು; ಅದೇ ನನ್ನ ಕೋಪವನ್ನು ಹೆಚ್ಚಿಸಿತು. ಹಾಳೆಯನ್ನು ಹರಿದೆಸೆದು, “ಹೀಗೇ ಆದರೆ ನಿನ್ನ ಗತಿ ಏನಾದೀತು ಗೊತ್ತೇನೋ?” ಎಂದು ಗದರಿದೆ. ಹುಡುಗ ತಲೆ ತಗ್ಗಿಸಿದ. ಮಧ್ಯಾಹ್ನದ ಬಿಡುವಿನಲ್ಲಿ ಅವನು ಆ ಚೂರುಗಳನ್ನು ಆಯ್ದುಕೊಂಡನೆಂದು ಜವಾನ ಬಂದು ಹೇಳಿದ. ನಾನು ಕೇಳಿಸದವನಂತೆ ನಡೆದುಬಿಟ್ಟೆ.

ಆರು ವರ್ಷಗಳ ತರುವಾಯ, 2015ರ ಜನವರಿಯಲ್ಲಿ, ಜಯನಗರದ ನಮ್ಮ ಮನೆಯ ಗೇಟಿನ ಬಳಿ ಅದೇ ಹುಡುಗ ನಿಂತಿದ್ದ. ಜೆ.ಪಿ. ನಗರದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದನಂತೆ. ಕೈಯಲ್ಲೊಂದು ವೃತ್ತಪತ್ರಿಕೆ. “ಮೇಷ್ಟ್ರೇ, ನಮ್ಮ ಬೆಂಗಳೂರಿನವರು ಡಾಕಾರ್ ಮುಗಿಸಿಬಿಟ್ಟರು!” ಎಂದ. ಢಾಕಾ ಪಟ್ಟಣದ ವಿಷಯವೇ ಎಂದು ನಾನು ಕೇಳಿದೆ. ಅವನು ನಕ್ಕು, ಜಗಲಿಯ ಮೇಲೆ ಕುಳಿತು, ನನಗೆ ಪಾಠ ಹೇಳಿದ. ಅಂದು ಶಿಷ್ಯನೇ ಗುರುವಾದ.

ಡಾಕಾರ್ ಎಂಬುದು ಆಫ್ರಿಕಾ ಖಂಡದ ಸೆನೆಗಲ್ ದೇಶದ ರಾಜಧಾನಿ. 1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಹೊರಟು ಸಹಾರಾ ಮರುಭೂಮಿಯನ್ನು ದಾಟಿ ಆ ನಗರವನ್ನು ಮುಟ್ಟುವ ಸ್ಪರ್ಧೆಯೊಂದು ಮೊದಲಾಯಿತು. ಮುಂದೆ ಅದು 2009ರಲ್ಲಿ ದಕ್ಷಿಣ ಅಮೆರಿಕಕ್ಕೂ 2020ರಲ್ಲಿ ಸೌದಿ ಅರೇಬಿಯಕ್ಕೂ ಸ್ಥಳಾಂತರಗೊಂಡಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. 2015ರಲ್ಲಿ ಬ್ಯೂನಸ್ ಐರಿಸ್ ನಗರದಿಂದ ಹೊರಟು ಅರ್ಜೆಂಟೀನ, ಚಿಲಿ, ಬೊಲಿವಿಯಗಳಲ್ಲಿ ಸುಮಾರು ಒಂಬತ್ತು ಸಾವಿರ ಕಿಲೋಮೀಟರು ಸುತ್ತಿ ಮತ್ತೆ ಅಲ್ಲಿಗೇ ಮರಳಬೇಕಿತ್ತು. ಎರಡು ವಾರಗಳ ಪಯಣ. ಸವಾರನ ಕಣ್ಣೆದುರಿಗೆ ಆಗ ಸುರುಳಿ ಸುತ್ತಿದ ಕಾಗದದ ಮಾರ್ಗಸೂಚಿ ಇರುತ್ತಿತ್ತು. ಓಡಿಸುತ್ತಲೇ ಅದನ್ನು ಓದಬೇಕಿತ್ತು, ಓದುತ್ತಲೇ ಕಲ್ಲು ಗುಂಡಿಗಳನ್ನು ನೋಡಬೇಕಿತ್ತು. ಬೊಲಿವಿಯದ ಉಯುನಿ ಎಂಬಲ್ಲಿ, ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಮೇಲೆ, ಉಪ್ಪಿನ ಬಯಲು; ಆ ವರ್ಷ ಉಪ್ಪುನೀರು ಹೊಕ್ಕು ಹೆಸರಾಂತ ಸವಾರರ ವಾಹನಗಳೂ ಕೆಟ್ಟು ನಿಂತವು. ಇವೆಲ್ಲವನ್ನೂ ದಾಟಿ 36ನೆಯವರಾಗಿ ಗುರಿ ಮುಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್. ಈ ಸ್ಪರ್ಧೆಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರು ಅವರು.

“ಮೂವತ್ತಾರನೆಯ ಸ್ಥಾನಕ್ಕೆ ಇಷ್ಟು ಸಂಭ್ರಮವೇನಪ್ಪ?” ಎಂದೆ. “ಮೇಷ್ಟ್ರೇ, ಅಲ್ಲಿ ಮುಗಿಸುವುದೇ ಗೆಲುವು” ಎಂದ. ಸಂತೋಷ್ ದೇಶದ ಮೋಟೊಕ್ರಾಸ್ ಕಣಗಳಲ್ಲಿ ಬೆಳೆದವರೆಂದೂ, 2013ರಲ್ಲಿ ಅಬುಧಾಬಿಯ ಮರಳುಗಾಡಿನ ಸ್ಪರ್ಧೆಯಲ್ಲಿ ವಾಹನಕ್ಕೆ ಬೆಂಕಿ ಹತ್ತಿ ಕುತ್ತಿಗೆ ಸುಟ್ಟುಕೊಂಡಿದ್ದರೆಂದೂ, ಆದರೂ ಬಿಡಲಿಲ್ಲವೆಂದೂ ಹೇಳಿದ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: “ಅವರ ಗಾಡಿಯದು ನಾಲ್ಕು ಹೊಡೆತದ ಎಂಜಿನ್ನು. ಹೀರುವುದು, ಒತ್ತುವುದು, ಉರಿದು ತಳ್ಳುವುದು, ಹೊಗೆಯನ್ನು ಹೊರದೂಡುವುದು. ನಾಲ್ಕರಲ್ಲಿ ಒಂದಕ್ಕೆ ಮಾತ್ರ ಬಲ. ಮಿಕ್ಕ ಮೂರೂ ಸಿದ್ಧತೆ. ನೀವು ಹೇಳುತ್ತಿದ್ದ ಕಂದಪದ್ಯದ ಗಣಕ್ಕೂ ನಾಲ್ಕೇ ಮಾತ್ರೆಯಲ್ಲವೇ?” ನಾನು ಮೂಕನಾದೆ. ಪಾಠ ಅವನ ತಲೆಗೆ ಹತ್ತಲಿಲ್ಲವೆಂದು ನಾನು ಬಗೆದಿದ್ದೆ. ಅದು ಹತ್ತಿತ್ತು, ಬೇರೊಂದು ಮೆಟ್ಟಿಲಿನಿಂದ.

ಅಂದಿನಿಂದ ಪ್ರತಿ ಜನವರಿಯಲ್ಲೂ ಅವನಿಂದ ನನಗೆ ಸುದ್ದಿ ಬರುತ್ತಿತ್ತು. ಸಂತೋಷ್ 2016ರಲ್ಲಿ ಗುರಿ ಮುಟ್ಟಲಿಲ್ಲ. 2017ರಲ್ಲಿ 47ನೆಯವರು, 2018ರಲ್ಲಿ 34ನೆಯವರು. 2020ರಲ್ಲಿ ಅವರ ತಂಡದವರೇ ಆದ ಪೋರ್ಚುಗಲ್ಲಿನ ಪೌಲೊ ಗೊನ್ಸಾಲ್ವಿಸ್ ಸ್ಪರ್ಧೆಯ ನಡುವೆ ಬಿದ್ದು ಮಡಿದರು. ಗೌರವಾರ್ಥವಾಗಿ ತಂಡವೇ ಕಣದಿಂದ ಹಿಂದೆ ಸರಿಯಿತು.

2021ರ ಜನವರಿ 6ರಂದು ಸೌದಿ ಅರೇಬಿಯದಲ್ಲಿ, ರಿಯಾದ್ ನಗರದ ಕಡೆಗಿನ ನಾಲ್ಕನೆಯ ಹಂತದಲ್ಲಿ, ಸಂತೋಷ್ ಬಿದ್ದರು. ತಲೆಗೆ ಪೆಟ್ಟು. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ವೈದ್ಯರು ಔಷಧದಿಂದಲೇ ಅವರನ್ನು ಪ್ರಜ್ಞಾಶೂನ್ಯ ಸ್ಥಿತಿಯಲ್ಲಿರಿಸಿದರು. ಸುದ್ದಿಯನ್ನೋದಿದಾಗ ನನ್ನ ಮನಸ್ಸಿನಲ್ಲಿ ಮೊದಲು ಮೂಡಿದ್ದು ಕನಿಕರವಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ‘ನಾನು ಹೇಳಿರಲಿಲ್ಲವೇ’ ಎಂಬ ಗರ್ವ ಮೊದಲು ತಲೆಯೆತ್ತಿತು. ಆ ಹುಡುಗನಿಗೆ ಬುದ್ಧಿ ಹೇಳೋಣವೆಂದು ದೂರವಾಣಿಯಲ್ಲಿ ಕರೆದೆ. ಆ ಕಡೆಯಿಂದ ಮಾತೇ ಬರಲಿಲ್ಲ. ಬಿಕ್ಕುವ ಸದ್ದು ಮಾತ್ರ. ಸ್ವಲ್ಪ ಹೊತ್ತಿನ ಮೇಲೆ, “ಮೇಷ್ಟ್ರೇ, ಅವರು ಏಳುತ್ತಾರೆ ಅಲ್ವಾ?” ಎಂದು ಕೇಳಿದ. ನಾಲಗೆಯ ತುದಿಯಲ್ಲಿದ್ದ ಉಪದೇಶವೆಲ್ಲ ನುಂಗಿಹೋಯಿತು. “ಏಳುತ್ತಾರೆ ಕಣಪ್ಪ” ಎಂದೆ.

ಹಾಗೆಂದು ಮಾತು ಕೊಟ್ಟವನಿಗೆ ಆಧಾರವೊಂದು ಬೇಕಿತ್ತು. ಈ ಕ್ಷೇತ್ರದ ಬಗೆಗೆ ಆ ರಾತ್ರಿ ಓದಿದಾಗ ಫಿನ್ಲೆಂಡ್ ದೇಶದ ಅರಿ ವತಾನೆನ್ ಎಂಬವರ ಚರಿತ್ರೆ ಸಿಕ್ಕಿತು. 1981ರಲ್ಲಿ ಕಾರು ರ‍್ಯಾಲಿಯ ವಿಶ್ವಚಾಂಪಿಯನ್ ಆದವರು. 1985ರಲ್ಲಿ ಅರ್ಜೆಂಟೀನದಲ್ಲಿ ಅವರ ಕಾರು ಉರುಳಿತು, ಬದುಕುವುದೇ ಸಂದೇಹವಾಯಿತು. ಮೂಳೆಗಳು ಕೂಡಿಕೊಂಡರೂ ಮನಸ್ಸಿಗೆ ಕವಿದ ಕತ್ತಲೆ ಬಹುಕಾಲ ಹರಿಯಲಿಲ್ಲ. ಸುಮಾರು ಒಂದೂವರೆ ವರ್ಷದ ಮೇಲೆ, 1987ರ ಜನವರಿಯಲ್ಲಿ, ಅವರು ಮತ್ತೆ ಚಾಲಕನ ಪೀಠದಲ್ಲಿ ಕುಳಿತರು. ಅದೇ ಪ್ಯಾರಿಸ್–ಡಾಕಾರ್ ಸ್ಪರ್ಧೆಯನ್ನು ಗೆದ್ದರು. 1989, 1990, 1991ರಲ್ಲಿಯೂ ಗೆದ್ದರು. ಮರುದಿನ ಬೆಳಗ್ಗೆ ಇದನ್ನು ಹುಡುಗನಿಗೆ ಹೇಳಿದೆ. ಅವನಿಗೆ ಅದು ಮೊದಲೇ ಗೊತ್ತಿತ್ತು. ಆದರೂ ಸುಮ್ಮನೆ ಪೂರ್ತಿ ಕೇಳಿದ.

ಸಂತೋಷ್ ಎದ್ದರು. ಪ್ರಜ್ಞೆ ಮರಳಿ, ಬೆಂಗಳೂರಿಗೆ ಬಂದು ಚೇತರಿಸಿಕೊಂಡರು. ಕೋಲಾರದ ಬಳಿ ಕಚ್ಚಾದಾರಿಯ ಸವಾರಿಯನ್ನು ಕಲಿಸುವ ಕೇಂದ್ರವೊಂದನ್ನು ಅವರು ಮೊದಲೇ ಸ್ಥಾಪಿಸಿದ್ದರು. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಬೇಕೆನ್ನುವವರನ್ನು ನಮ್ಮ ವೃತ್ತಿಬಂಧುಗಳೆಂದು ಎಣಿಸಲು ನನಗೆ ಈಗ ಸಂಕೋಚವಿಲ್ಲ.

ಹಾಗಾದರೆ ಹೊರವರ್ತುಲ ರಸ್ತೆಯಲ್ಲಿ ಮುಂಗಾಲಿಯನ್ನು ಎತ್ತಿ ಹಾರಿಸುವ ಹುಡುಗರನ್ನೂ ಮೆಚ್ಚಬೇಕೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ನನ್ನ ಶಾಸ್ತ್ರದಲ್ಲಿಯೇ ಉತ್ತರವಿದೆ. ಕನ್ನಡ ಕವಿಗಳು ವೃತ್ತಗಳಲ್ಲಿ ಯತಿಯನ್ನು, ಎಂದರೆ ನಿಲ್ಲಬೇಕಾದ ತಾಣವನ್ನು, ಧೈರ್ಯವಾಗಿ ಮೀರಿದರು. ಆದರೆ ಪ್ರಾಸವನ್ನು ಬಿಡಲಿಲ್ಲ. ಒಂದು ಕಟ್ಟನ್ನು ಮೀರುವವನು ಇನ್ನೊಂದು ಕಟ್ಟನ್ನು ಬಿಗಿಯಾಗಿ ಹಿಡಿದಿರಬೇಕು. ಡಾಕಾರ್ ಸವಾರನೂ ಹಾಗೆಯೇ: ಮರಳಿನಲ್ಲಿ ಮಿಂಚಿನಂತೆ ಓಡುವವನು ಹಳ್ಳಿಯೊಳಗೆ ವೇಗದ ಮಿತಿ ಮೀರಿದರೆ ದಂಡ ತೆರಬೇಕು. ಶಿರಸ್ತ್ರಾಣವಿಲ್ಲದೆ ಅವನು ಅಡಿಯಿಡುವಂತಿಲ್ಲ. ಬೀದಿಯ ಹುಡುಗನು ಯತಿಯನ್ನೂ ಪ್ರಾಸವನ್ನೂ ಒಟ್ಟಿಗೆ ಬಿಟ್ಟವನು, ಅವನದು ಕಾವ್ಯವಲ್ಲ. ಅಪಾಯವಂತೂ ಅವನೊಬ್ಬನದೇ ಅಲ್ಲ, ದಾರಿಹೋಕರದೂ ಹೌದು.

ಆ ವರ್ಷದ ಕೊನೆಗೆ ಜೆ.ಪಿ. ನಗರದ ಅವನ ಗ್ಯಾರೇಜಿಗೆ ಹೋದೆ. ಆಗ ಅದು ಅವನದೇ ಸ್ವಂತದ್ದಾಗಿತ್ತು. ಗೋಡೆಯ ಮೇಲೆ ಅಂಟು ಹಚ್ಚಿ ಕೂಡಿಸಿದ ಹಾಳೆಯೊಂದು ಗಾಜಿನ ಕಟ್ಟಿನಲ್ಲಿತ್ತು. ಹರಿದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. “ಅಂದು ನಾನು ಹರಿಯಬಾರದಿತ್ತು” ಎಂದೆ. “ಬಿಡಿ ಮೇಷ್ಟ್ರೇ. ಸ್ವಲ್ಪ ದೂರ ನಿಂತುಕೊಳ್ಳಿ, ಪಂಚೆಗೆ ಗ್ರೀಸ್ ಆದೀತು” ಎಂದ.

ಗತಿ ಎಂಬ ಶಬ್ದಕ್ಕೆ ನಡೆ ಎಂಬುದು ಮೊದಲ ಅರ್ಥ. ದುರವಸ್ಥೆ ಎಂಬುದು ನಾವು ಬೈಯುವಾಗ ತಂದುಕೊಂಡ ಅರ್ಥ. ಮೂವತ್ತು ವರ್ಷ ಶಬ್ದಾರ್ಥವನ್ನು ಬೋಧಿಸಿದ ನಾನು ಆ ದಿನ ಮೊದಲನೆಯದನ್ನು ಮರೆತಿದ್ದೆ. ಇನ್ನು ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ನನ್ನದು ಒಂದೇ ಬಿನ್ನಹ: ಮಕ್ಕಳ ಹಾಳೆಯನ್ನು ಹರಿಯುವ ಮೊದಲು ಒಮ್ಮೆ ಪೂರ್ತಿಯಾಗಿ ನೋಡಿ.