ಸ್ಟ್ರಾಮ್‌ನೆಸ್ಸಿನ ಕಡಲೂ ಭಾವನ ಉಸಿರಿನ ಯಂತ್ರವೂ

ಸ್ಕಾಟ್ಲೆಂಡಿನ ಬಡಗಣ ಕೊನೆಯಲ್ಲಿರುವ ಸ್ಕ್ರಾಬ್‌ಸ್ಟರ್ ಬಂದರಿನಿಂದ ಹೊರಟ ಹಡಗು ಒಂದೂವರೆ ಗಂಟೆಯಲ್ಲಿ ಆರ್ಕ್ನಿ ದ್ವೀಪಗಳ ಸ್ಟ್ರಾಮ್‌ನೆಸ್ ಎಂಬ ಊರನ್ನು ಮುಟ್ಟುತ್ತದೆ. ದಾರಿಯಲ್ಲಿ ಹಾಯ್ ದ್ವೀಪದ ದಂಡೆಯಲ್ಲಿ ೪೪೯ ಅಡಿ ಎತ್ತರದ ಕಲ್ಲುಕಂಬವೊಂದು ಒಂಟಿಯಾಗಿ ನಿಂತಿದೆ. ಆ ಕಡೆಯ ಜನರು ಅದನ್ನು ‘ಹಾಯಿನ ಮುದುಕ’ನೆಂದು ಕರೆಯುವರು. ಸ್ಟ್ರಾಮ್‌ನೆಸ್ ಚಿಕ್ಕ ಊರು. ಹಾಸುಗಲ್ಲಿನ ಇಕ್ಕಟ್ಟಾದ ಬೀದಿ, ಅದರ ಬದಿಯ ಕಲ್ಲುಮನೆಗಳ ಹಿಂದೆಯೇ ಕಡಲು.

ಅಲ್ಲಿಗೆ ನಾನು ಹೋದದ್ದು ಭಾವನ ಜತೆಯಲ್ಲಿ. ಅಬರ್ಡೀನಿನಲ್ಲಿ ಇಂಜಿನಿಯರರಾಗಿರುವ ಅವರಿಗೆ ಕಡಲಡಿಗೆ ಇಳಿದು ನೋಡುವ ಹವ್ಯಾಸ. ಊರಿನ ಸಮೀಪದ ಸ್ಕಾಪಾ ಫ್ಲೋ ಎಂಬ ವಿಶಾಲವಾದ ಕೊಲ್ಲಿಯಲ್ಲಿ, ಮೊದಲನೆಯ ಮಹಾಯುದ್ಧ ನಿಂತ ಮೇಲೆ ಸೆರೆಯಾಗಿದ್ದ ಜರ್ಮನ್ ಹಡಗುಗಳನ್ನು ಅವುಗಳ ನಾವಿಕರೇ ೧೯೧೯ನೆಯ ಜೂನ್ ೨೧ರಂದು ಮುಳುಗಿಸಿದರು. ೭೪ರಲ್ಲಿ ೫೨ ಹಡಗುಗಳು ನೀರಿನ ಪಾಲಾದುವು. ಬಹುಪಾಲನ್ನು ಮುಂದೆ ಮೇಲೆತ್ತಿ ಹಳೆಯ ಕಬ್ಬಿಣವಾಗಿ ಮಾರಿದರು. ಏಳು ದೊಡ್ಡ ಹಡಗುಗಳು ಮಾತ್ರ ಇಂದಿಗೂ ಅಲ್ಲಿಯೇ ಇವೆ. ಅವುಗಳಲ್ಲಿ ಮಾರ್ಕ್‌ಗ್ರಾಫ್ ಎಂಬ ಯುದ್ಧನೌಕೆಯು ಸುಮಾರು ೪೫ ಮೀಟರ್ ಆಳದಲ್ಲಿ ಬೋರಲಾಗಿ ಬಿದ್ದಿದೆ. ಅದನ್ನು ಕಾಣಬೇಕೆಂಬುದು ಭಾವನ ಬಹುದಿನದ ಬಯಕೆ.

ಸಾಮಾನ್ಯ ಮುಳುಗಾಳು ಬೆನ್ನಿನ ಸಿಲಿಂಡರಿನ ಗಾಳಿಯನ್ನು ಸೇದಿ, ಬಿಟ್ಟ ಉಸಿರನ್ನು ಗುಳ್ಳೆಗಳಾಗಿ ನೀರಿಗೆ ಚೆಲ್ಲುತ್ತಾನೆ. ಆ ಉಸಿರಿನಲ್ಲಿ ನೂರಕ್ಕೆ ಸುಮಾರು ೧೬ ಪಾಲು ಪ್ರಾಣವಾಯು ಇನ್ನೂ ಉಳಿದಿರುತ್ತದೆ, ಅದೆಲ್ಲವೂ ಪೋಲು. ಆಳಕ್ಕೆ ಹೋದಷ್ಟೂ ಪೋಲು ಹೆಚ್ಚು. ೪೦ ಮೀಟರಿನಲ್ಲಿ ಮೇಲಿನದರ ಐದರಷ್ಟು. ಭಾವನ ಯಂತ್ರವಾದರೋ ಉಸಿರನ್ನು ಹೊರಕ್ಕೆ ಬಿಡುವುದೇ ಇಲ್ಲ. ಅದಕ್ಕೆ ರೀಬ್ರೀದರ್ ಎಂದು ಹೆಸರು. ಬಿಟ್ಟ ಉಸಿರು ಕೊಳವೆಯಲ್ಲಿ ಹರಿದು, ಸೋಡಾ ಬೆರೆತ ಸುಣ್ಣದ ಹರಳುಗಳ ನಡುವೆ ನುಸುಳಿ, ಇಂಗಾಲಾಮ್ಲವನ್ನು ಅಲ್ಲಿ ಕಳೆದುಕೊಂಡು, ದೇಹವು ವ್ಯಯಮಾಡಿದಷ್ಟೇ ಪ್ರಾಣವಾಯುವನ್ನು ಪುಟ್ಟ ಸಿಲಿಂಡರಿನಿಂದ ಪಡೆದು, ಮರಳಿ ಬಾಯಿಗೆ ಬರುತ್ತದೆ. ಗುಳ್ಳೆಯಿಲ್ಲ, ಸದ್ದಿಲ್ಲ, ಮೀನುಗಳೂ ಬೆದರುವುದಿಲ್ಲವಂತೆ. ಇದು ತೀರ ಹೊಸ ಯುಕ್ತಿಯೇನೂ ಅಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಎಂಬವನು ೧೮೭೮ರಲ್ಲಿ ರಚಿಸಿದ ಇಂತಹ ಉಪಕರಣವನ್ನು ಧರಿಸಿ, ೧೮೮೦ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗಾಳು ನೀರು ನುಗ್ಗಿದ ಸೆವರ್ನ್ ಸುರಂಗದ ಕತ್ತಲೆಯಲ್ಲಿ ಸುಮಾರು ಸಾವಿರ ಅಡಿ ನಡೆದು, ಕಬ್ಬಿಣದ ಬಾಗಿಲನ್ನು ಮುಚ್ಚಿಬಂದನು.

ಆದರೆ ಇಂತಹ ಯಂತ್ರವನ್ನಿಟ್ಟುಕೊಳ್ಳುವುದೆಂದರೆ ಕರೆಯುವ ಹಸುವನ್ನು ಸಾಕಿದಂತೆಯೇ. ಒಂದು ದಿನವೂ ಮರೆಯುವಂತಿಲ್ಲ. ಪ್ರತಿ ರಾತ್ರಿ ಬಿಡಾರದ ಊಟದ ಮೇಜಿನ ಮೇಲೆ ಭಾವನು ಅದರ ಅಂಗಾಂಗಗಳನ್ನು ಬಿಚ್ಚಿ ಹರಡುವರು. ಸುಣ್ಣವನ್ನು ತಟ್ಟಿ ತಟ್ಟಿ ತುಂಬಬೇಕು. ಎಡೆ ಉಳಿದರೆ ಕೆಟ್ಟ ಉಸಿರು ಶುದ್ಧವಾಗದೆ ಅದರಲ್ಲಿಯೇ ನುಸುಳಿಹೋಗುತ್ತದೆ. ಬಳಸಿದ ಸುಣ್ಣವು ನೋಟಕ್ಕೆ ಹೊಸದರಂತೆಯೇ ಇದ್ದರೂ, ಗೊತ್ತುಮಾಡಿದ ಗಂಟೆಗಳು ತೀರಿದೊಡನೆ ಚೆಲ್ಲತಕ್ಕದ್ದು. ಪ್ರಾಣವಾಯುವನ್ನು ಅಳೆಯುವ ಮೂರು ಕೋಶಗಳುಂಟು. ಒಂದು ಸುಳ್ಳಾಡಿದರೆ ಉಳಿದೆರಡು ಸಾಕ್ಷಿ. ಅವುಗಳನ್ನೂ ವರ್ಷಕ್ಕೊಮ್ಮೆ ಬದಲಿಸಬೇಕು. ಬಾಯಿಯ ತೇವ ತಗಲಿದ ಕೊಳವೆಗಳನ್ನು ತೊಳೆದು, ಕ್ರಿಮಿನಾಶಕದಲ್ಲಿ ಅದ್ದಿ, ತೂಗುಹಾಕಿ ಒಣಗಿಸಬೇಕು.

“ಇಷ್ಟೊಂದು ಮಡಿಯೇಕೆ ಭಾವ?” ಎಂದು ನಾನು ನಕ್ಕೆನು.

“ನೋಡಯ್ಯ, ಇದರಲ್ಲಿ ಪ್ರಾಣವಾಯು ಕಡಮೆಯಾದರೆ ಉಸಿರು ಕಟ್ಟಿದಂತಾಗುವುದಿಲ್ಲ. ದೀಪ ಆರಿದಂತೆ ಎಚ್ಚರ ತಪ್ಪುತ್ತದೆ, ಅಷ್ಟೆ. ಮುನ್ಸೂಚನೆ ದೊರೆಯುವುದು ಈ ಮೇಜಿನ ಮೇಲೆ ಮಾತ್ರ” ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಮೊದಲೆರಡು ದಿನ ಚಿಕ್ಕ ಹಡಗುಗಳನ್ನು ನೋಡಿ ಬಂದರು. ಮೂರನೆಯ ದಿನ ಮಾರ್ಕ್‌ಗ್ರಾಫಿನ ಸರದಿ. ಬೆಳಗ್ಗೆ ಕೊಳವೆಯ ಗಾಳಿಯನ್ನೆಲ್ಲ ಹೀರಿ ಬಾಯಿಯನ್ನು ಮುಚ್ಚಿದರು. ಮುದುಡಿದ ಕೊಳವೆ ಹಾಗೆಯೇ ನಿಲ್ಲಬೇಕಷ್ಟೆ. ಅದು ಮೆಲ್ಲಮೆಲ್ಲನೆ ಉಬ್ಬಿತು. ರಬ್ಬರ್ ಬಳೆಗಳನ್ನು ಒರಸಿ ಮತ್ತೆ ನೋಡಿದರು, ಮತ್ತೆ ಉಬ್ಬಿತು. ದೋಣಿ ಸಿದ್ಧವಾಗಿತ್ತು. ಜತೆಯವನೊಬ್ಬನು, “ಇಷ್ಟು ಸಣ್ಣ ಸೋರಿಕೆಗೆ ಏನಾದೀತು?” ಎಂದನು. ಭಾವನು ಗಡಿಯಾರವನ್ನು ನೋಡಿದರು, ಕಡಲನ್ನು ನೋಡಿದರು. ಬಳಿಕ ಅಂಗಿಯ ತೋಳನ್ನು ಇಳಿಸಿಕೊಂಡು, “ನೀವು ಹೋಗಿಬನ್ನಿ” ಎಂದರು.

ಮಧ್ಯಾಹ್ನ ಕೊಳವೆಯ ಪಟ್ಟಿಯ ಕೆಳಗೆ ಉಗುರಿನ ಗೀರಿನಷ್ಟು ಸೀಳು ಸಿಕ್ಕಿತು. ಅದನ್ನು ಬದಲಿಸಿದ್ದಾಯಿತು. ಆದರೆ ಮರುದಿನದಿಂದ ಬಿರುಗಾಳಿ. ನಮ್ಮ ವಾರ ಮುಗಿಯುವ ತನಕ ದೋಣಿಗಳು ಹೊರಡಲಿಲ್ಲ. ಮಾರ್ಕ್‌ಗ್ರಾಫನ್ನು ಕಾಣದೆಯೇ ಹಿಂದಿರುಗಿದೆವು. ಹಡಗಿನ ಕಟಕಟೆಗೆ ಒರಗಿ ಭಾವನು ಬಹಳ ಹೊತ್ತು ಮಾತಾಡಲಿಲ್ಲ.

ಅಬರ್ಡೀನಿನ ಮನೆಯಲ್ಲಿ ಅಕ್ಕನು ನನ್ನಿಂದ ಎಲ್ಲವನ್ನೂ ಕೇಳಿದಳು. ಊಟದ ಮೇಜಿನ ಮೇಲೆ ಆ ಯಂತ್ರವನ್ನು ಹರಡಬಾರದೆಂದು ಹಲವು ವರ್ಷಗಳಿಂದ ಜಗಳವಾಡುತ್ತಿದ್ದವಳು ಆಕೆ. ಅಂದು ರಾತ್ರಿ ಏನೂ ಹೇಳದೆ ತಟ್ಟೆಗಳನ್ನು ಬೇಗನೆ ತೆಗೆದು, ಮೇಜನ್ನು ಒರಸಿ, ಭಾವನಿಗೆ ಬಿಟ್ಟುಕೊಟ್ಟಳು.